ಹಳೆ ಕ್ಷೌರದ ಕತ್ತಿ: ನಾನು ಎಡವಿದ್ದು 1000 ನಂಬರ್ ಕಲ್ಲಿನ ಮೇಲೆ

ನಾನು ಮಸೆಯಲು ಹೊರಟ ಹಳೆ ಕ್ಷೌರದ ಕತ್ತಿ ಜರ್ಮನಿಯ ಸೋಲಿಂಗೆನ್ ಊರಿನದು. ಅಲಗಿನ ಅಗಲ 5/8 ಇಂಚು, ಅಂದರೆ ಸುಮಾರು 16 ಮಿಲಿಮೀಟರ್.

ತುಕ್ಕು ತೆಗೆಯೋದು ಸುಲಭ. ಬಾಯಿಗೆ, ಅಂದರೆ ಅಲಗಿನ ಹರಿತವಾದ ಅಂಚಿಗೆ, ಟೇಪ್ ಸುತ್ತಿ, ಅಲಗನ್ನು ಮರದ ತುಂಡಿನ ಮೇಲೆ ಮಲಗಿಸಿ, ಎಣ್ಣೆ ಹಚ್ಚಿದ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ. 600 ನಂಬರಿನಿಂದ ಶುರುಮಾಡಿ 2000ಕ್ಕೆ ಹೋಗಿ. ನಂಬರ್ ಹೆಚ್ಚಿದಷ್ಟೂ ನಯ, ಮಸೆಯೋ ಕಲ್ಲಿಗೂ ಇದೇ ಲೆಕ್ಕ. ಮೋಟಾರ್ ಚಕ್ರ ಮಾತ್ರ ಬೇಡ. ತೆಳು ಬಾಯಿ ಬೇಗ ಕಾಯುತ್ತದೆ. ನೀಲಿ ಬಣ್ಣ ಬಂತು ಅಂದರೆ ಉಕ್ಕಿನ ಹದ ಹೋಯಿತು ಅಂತಲೇ ಅರ್ಥ.

ಈಗ ಮಸೆಯೋ ವಿಷಯ. ಅಡುಗೆಮನೆ ಚಾಕುವಿಗಾದರೆ ಕೋನವನ್ನು ನಾವೇ ಹಿಡಿಯಬೇಕು. ಇಲ್ಲಿ ಬೆನ್ನು (ಬಾಯಿಯ ಎದುರಿನ ದಪ್ಪ ಅಂಚು), ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ಕೂರುತ್ತವೆ, ಕೋನವನ್ನು ಬೆನ್ನಿನ ದಪ್ಪವೇ ಕೊಡುತ್ತದೆ. 16 ಮಿಲಿಮೀಟರ್ ಅಗಲಕ್ಕೆ ನಾಲ್ಕೂವರೆ ಮಿಲಿಮೀಟರ್ ಬೆನ್ನಿದ್ದರೆ ಸುಮಾರು 16 ಡಿಗ್ರಿ. ಹಾಗಾಗಿ ಬೆನ್ನು ಎತ್ತಲೇಬೇಡಿ.

ನಾನು ಎತ್ತಿರಲಿಲ್ಲ. ಆದರೂ ತುದಿ ಕಡೆ ಕೈಮೇಲಿನ ಕೂದಲು ಬೋಳಿಸುತ್ತಿತ್ತು, ಬುಡದ ಕಡೆ ಸುಮ್ನೆ ಜಾರುತ್ತಿತ್ತು. ನಯ ಸಾಲದೇನೋ ಅಂತ 8000ಕ್ಕೆ ಹೋದೆ. ಎರಡು ಸಂಜೆ ಮಸೆದರೂ ಬುಡ ಹಾಗೇ ಇತ್ತು. ಕೊನೆಗೆ ಬಾಯಿಯ ಎರಡೂ ಬದಿಗೆ ಕಪ್ಪು ಮಾರ್ಕರ್ ಬಳಿದು, 1000 ನಂಬರ್ ಕಲ್ಲಿನ ಮೇಲೆ ಹಗುರವಾಗಿ ನಾಲ್ಕು ಸಲ ಎಳೆದೆ. ಕಿಟಕಿ ಬೆಳಕಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ, ಬುಡದ ಹತ್ತಿರ ಅರ್ಧ ಬೆರಳಗಲ ಮಸಿ ಹಾಗೇ ಉಳಿದಿತ್ತು. ಕಲ್ಲು ಅಲ್ಲಿಗೆ ಮುಟ್ಟೇ ಇರಲಿಲ್ಲ!

ಯಾಕೆ ಅಂದರೆ, ಬುಡದಲ್ಲಿ ಅಲಗಿಗೆ ಬಲ ಕೊಡಲು ಒಂದು ದಪ್ಪ ಏಣು ಇರುತ್ತದೆ. ಅದು ಕಲ್ಲಿನ ಮೇಲೆ ಹತ್ತಿದರೆ ಪಕ್ಕದ ಬಾಯಿ ಮೇಲೇಳುತ್ತದೆ. ಕೂದಲೆಳೆಯಷ್ಟು ಎದ್ದರೂ ಸಾಕು, ಕಣ್ಣಿಗೆ ಕಾಣಲ್ಲ. ಏಣನ್ನು ಕಲ್ಲಿನ ಅಂಚಿನಿಂದ ಆಚೆಗೇ ಬಿಟ್ಟು, ಅಲಗನ್ನು ಸ್ವಲ್ಪ ಓರೆ ಮಾಡಿ, ಬುಡದಿಂದ ತುದಿಗೆ ಅಡ್ಡಡ್ಡ ಜಾರಿಸುತ್ತಾ ಎಳೆದೆ. ಮತ್ತೆ ಮಸಿ ಬಳಿದೆ, ಮತ್ತೆ ಎಳೆದೆ. ಈ ಸಲ ಬುಡದಿಂದ ತುದಿವರೆಗೂ ಮಸಿ ಅಳಿಸಿತು.

1000ದಲ್ಲೇ ಬಾಯಿಯ ಉದ್ದಕ್ಕೂ ಕೈಮೇಲಿನ ಕೂದಲು ಬೋಳಿಸದಿದ್ದರೆ ಮುಂದಿನ ಕಲ್ಲು ಮುಟ್ಟಬೇಡಿ. 4000, 8000 ಮಾಡೋದು ನಯ ಮಾತ್ರ. ಆಮೇಲೆ ಚರ್ಮದ ಪಟ್ಟಿಯ ಮೇಲೆ ತೀಡೋದು. ಅಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಿಸಿ, ಇಲ್ಲದಿದ್ದರೆ ಪಟ್ಟಿಯೇ ಸೀಳುತ್ತದೆ.