‘ಸ್ವೆಟರ್ ಹಾಕ್ಕೊಂಡು ಹೋಗು’ ಎನ್ನುವುದು ಆಜ್ಞೆಯೇ?

ಬಾಗಿಲ ಬಳಿ ಅಮ್ಮ ‘ಸ್ವೆಟರ್ ಹಾಕ್ಕೊಂಡು ಹೋಗು’ ಎಂದಿದ್ದಾರೆ. ಹಾಕಿಕೊಳ್ಳದೆ ಹೊರಟ ಮಗನಿಗೆ ಬಸ್ಸು ಹತ್ತಿದ ಮೇಲೂ ಅದೇ ಕೊರೆತ: ಹೆತ್ತವಳ ಮಾತು ಮೀರಿದೆನಲ್ಲ, ದೇವರು ಇದನ್ನು ಪಾಪದ ಲೆಕ್ಕಕ್ಕೆ ಹಿಡಿಯುತ್ತಾನೆಯೇ? ಫೋನ್ ಮಾಡಿ ಕ್ಷಮೆ ಕೇಳುತ್ತಾನೆ. ಅಮ್ಮ ನಕ್ಕು ‘ಬಿಡೋ’ ಎನ್ನುತ್ತಾರೆ. ಹತ್ತು ನಿಮಿಷ ನೆಮ್ಮದಿ. ಆಮೇಲೆ ಹೊಸ ಅನುಮಾನ ಹುಟ್ಟುತ್ತದೆ: ಮನಸಾರೆ ಕೇಳಿದೆನೋ, ಬರೀ ಬಾಯಿಮಾತಿಗೆ ಕೇಳಿದೆನೋ?

ಇದು ಗೀಳು ಕಾಯಿಲೆಯ, ಅಂದರೆ ಓಸಿಡಿಯ, ಒಂದು ರೂಪ. ಪಾಪಭೀತಿಯ ಗೀಳು ಎನ್ನಬಹುದು. ಇಂಗ್ಲಿಷಿನಲ್ಲಿ ಇದಕ್ಕಿರುವ ‘ಸ್ಕ್ರೂಪುಲಾಸಿಟಿ’ ಎಂಬ ಹೆಸರು ಲ್ಯಾಟಿನ್ನಿನ ‘ಸ್ಕ್ರೂಪುಲಸ್’ನಿಂದ ಬಂದದ್ದು, ಚೂಪಾದ ಸಣ್ಣ ಕಲ್ಲು ಎಂದು ಅರ್ಥ. ಇಸ್ಲಾಮಿನಲ್ಲಿ ಇಂಥ ಅನುಮಾನಗಳಿಗೆ ‘ವಸ್ವಾಸ್’ ಎಂಬ ಮಾತಿದೆ. 16ನೇ ಶತಮಾನದಲ್ಲಿ ಕ್ರೈಸ್ತ ಸಂತ ಲೊಯೊಲಾದ ಇಗ್ನೇಷಿಯಸ್, ಒಮ್ಮೆ ಪಾದ್ರಿಯ ಮುಂದೆ ನಿವೇದಿಸಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸುತ್ತ ಸಾಯುವ ಯೋಚನೆಯವರೆಗೆ ಹೋಗಿದ್ದರು. ಧರ್ಮ ಯಾವುದೇ ಇರಲಿ, ಕಾಯಿಲೆ ನಡೆಯುವ ದಾರಿ ಒಂದೇ.

ಭಕ್ತಿಗೂ ಗೀಳಿಗೂ ಗೆರೆ ಎಲ್ಲಿ? ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದ್ದರೆ, ಅಥವಾ ಓದು, ಕೆಲಸ, ನಿದ್ದೆ ಕೆಡುತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಇನ್ನೊಂದು ಗುರುತೂ ಇದೆ, ನನಗೆ ಅದೇ ಹೆಚ್ಚು ನಂಬಿಕೆಯದು: ಅಮ್ಮನಿಗೆ ಹತ್ತು ಸಲ ಕ್ಷಮೆ ಕೇಳುವವರಿಗೆ ಅವರ ಜೊತೆ ಹತ್ತು ನಿಮಿಷ ಹಾಯಾಗಿ ಕೂರಲು ಆಗುವುದಿಲ್ಲ. ಗೌರವಕ್ಕೆಂದು ಹೊರಟದ್ದು ಗೌರವವನ್ನೇ ತಿಂದುಹಾಕಿರುತ್ತದೆ.

ಶಾಸ್ತ್ರದ ಮಾತು ಬಂದೇ ಬರುತ್ತದೆ. ‘ಮಾತೃದೇವೋ ಭವ’ ಎನ್ನುವ ತೈತ್ತಿರೀಯ ಉಪನಿಷತ್ತೇ ಅದರ ಬೆನ್ನಿಗೆ, ಗುರುಗಳಾದ ನಮ್ಮ ನಡತೆಯಲ್ಲೂ ಒಳ್ಳೆಯದನ್ನಷ್ಟೇ ಅನುಸರಿಸು, ಉಳಿದದ್ದನ್ನಲ್ಲ ಎನ್ನುತ್ತದೆ. ಕುರಾನಿನ 31ನೇ ಅಧ್ಯಾಯ, ತಂದೆತಾಯಿ ದೇವರಿಗೆ ಸಹಭಾಗಿಗಳನ್ನು ಕಲ್ಪಿಸಲು ಒತ್ತಾಯಿಸಿದರೆ ಆ ಮಾತು ಕೇಳಬೇಡ, ಆದರೂ ಅವರೊಂದಿಗೆ ಚೆನ್ನಾಗಿ ಬಾಳು ಎನ್ನುತ್ತದೆ. ಅಂದರೆ ಗೌರವ ಬೇರೆ, ಪ್ರತಿ ಮಾತಿಗೂ ತಲೆಬಾಗುವುದು ಬೇರೆ. ಇದನ್ನು ಒಮ್ಮೆ ತಿಳಿದುಕೊಂಡರೆ ಸಾಕು. ಎರಡನೇ ಸಲ ತೆರೆದು ನೋಡಿದರೆ ಉಪನಿಷತ್ತೂ ಗೀಳಿನ ಸಾಮಗ್ರಿಯಾಗುತ್ತದೆ. ನೀವು ನಂಬುವ ಒಬ್ಬರೇ ಧರ್ಮಗುರುವಿನ ಬಳಿ, ಒಂದೇ ಸಲ, ಬಿಡಿ ಘಟನೆಗಳನ್ನು ಬಿಟ್ಟು ಸಾಮಾನ್ಯ ನಿಯಮವನ್ನಷ್ಟೇ ಕೇಳಿ, ಬರೆದಿಟ್ಟು ಮುಗಿಸಿ.

ಇದಕ್ಕಿರುವ ಚಿಕಿತ್ಸೆ, ಚಿಕಿತ್ಸಕರ ನೆರವಿನಿಂದ ಅಳುಕನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುತ್ತ, ಅದನ್ನು ಶಮನ ಮಾಡಿಕೊಳ್ಳದೆ ಇರಲು ಕಲಿಯುವುದು. ಅದು ಶುರುವಾಗುವುದು ಒಂದು ವಾರದ ಬರಹದಿಂದ. ಯಾವ ಮಾತು ಕೇಳಿ ಅಳುಕು ಬಂತು, ಏನು ಮಾಡಿ ಶಮನ ಮಾಡಿಕೊಂಡಿರಿ, ಎಷ್ಟು ನಿಮಿಷ ಹೋಯಿತು ಎಂಬಷ್ಟೇ ಸಾಕು. ಬರೆದಾಗಲೇ ಗೊತ್ತಾಗುವುದು, ಹೆತ್ತವರ ಮಾತಿನಲ್ಲಿ ಆಜ್ಞೆ ತೀರಾ ಕಡಿಮೆ. ಹೆಚ್ಚಿನದು ಅಕ್ಕರೆ, ಸಲಹೆ, ರೂಢಿಯ ಮಾತು.

ಆಮೇಲೆ ಮೆಟ್ಟಿಲು ಕಟ್ಟಬೇಕು. ಎಂಟು ಹತ್ತು ಸನ್ನಿವೇಶಗಳಿಗೆ 0ರಿಂದ 100ರವರೆಗೆ ಭಯದ ಅಂಕ ಕೊಡಿ. ‘ಲೈಟ್ ಆರಿಸು’ ಎಂದಾಗ ಹತ್ತು ನಿಮಿಷ ತಡಮಾಡಿ ಆರಿಸುವುದು 30 ಇರಬಹುದು. ‘ಇನ್ನೊಂದು ತುತ್ತು ತಿನ್ನು’ ಎಂದಾಗ ಬೇಡ ಎನ್ನುವುದು 50. ಅಪ್ಪ ಹೇಳಿದ ಅಂಗಿ ಬಿಟ್ಟು ಬೇರೆ ತೊಟ್ಟು ಸಮಾರಂಭಕ್ಕೆ ಹೋಗುವುದು 80. ಕೆಳಗಿನದರಿಂದ ಶುರು. ಮಾಡಿದ ಮೇಲೆ ಕ್ಷಮೆ ಕೇಳುವಂತಿಲ್ಲ, ಪ್ರಾಯಶ್ಚಿತ್ತದ ಪ್ರಾರ್ಥನೆ ಇಲ್ಲ, ಇಂಟರ್ನೆಟ್ಟಿನಲ್ಲಿ ಹುಡುಕಾಟವೂ ಇಲ್ಲ. ನಿತ್ಯದ ಪ್ರಾರ್ಥನೆ ಅದರ ಹೊತ್ತಿಗೆ ಇರಲಿ. ಅರ್ಧದಿಂದ ಒಂದು ಗಂಟೆ ಆ ಅಳುಕಿನ ಜೊತೆಗೇ ಕೆಲಸ ಮಾಡುತ್ತಿರಿ. ಅದೇ ಮೆಟ್ಟಿಲನ್ನು ದಿನವೂ ಹತ್ತಿ. ಭಯ ಅರ್ಧಕ್ಕಿಳಿದ ಮೇಲೆ ಮುಂದಿನದು. ಧರ್ಮ ನಿಜಕ್ಕೂ ನಿಷೇಧಿಸಿದ್ದನ್ನು ಮಾಡಿಸುವುದು ಈ ಚಿಕಿತ್ಸೆಯ ಕೆಲಸವಲ್ಲ. ಅಮ್ಮನನ್ನು ಬೈದು ಬನ್ನಿ ಎಂದು ಯಾರೂ ಕಳಿಸುವುದಿಲ್ಲ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ‘ತಪ್ಪಾಯಿತು’ ಎಂದುಕೊಂಡರೆ ಅಭ್ಯಾಸ ಪೂರ್ತಿ ವ್ಯರ್ಥ. ಆಗ ಬೇಕೆಂದೇ ಹೇಳಿಕೊಳ್ಳಬೇಕಾದ ಮಾತು: ‘ಇದು ಪಾಪವಿರಬಹುದು, ಇಲ್ಲದಿರಬಹುದು, ತೀರ್ಮಾನವಾಗದೆಯೇ ಮಲಗುತ್ತೇನೆ.’ ಎರಡನೆಯದು ಯಾರ ಕಣ್ಣಿಗೂ ಬೀಳದಂಥದ್ದು: ಅಮ್ಮನಿಗೆ ಮೊದಲೇ ಹೇಳಿ ‘ಆಗಲಿ, ಇವತ್ತು ಲೈಟ್ ಆರಿಸಬೇಡ’ ಎನ್ನಿಸಿಕೊಳ್ಳುವುದು. ಒಪ್ಪಿಗೆ ಪಡೆದು ಮೀರಿದರೆ ಅಲ್ಲಿ ಮೀರಿದ್ದೇನೂ ಇರುವುದಿಲ್ಲ. ಆದ್ದರಿಂದ ಚಿಕಿತ್ಸೆ ನಡೆದಿದೆ ಎಂಬುದು ಹೆತ್ತವರಿಗೆ ಗೊತ್ತಿರಲಿ, ಆ ದಿನದ ಮೆಟ್ಟಿಲು ಗೊತ್ತಿರಬಾರದು. ಮೂರನೆಯದು ‘ಡಾಕ್ಟರೇ ಹೇಳಿದ್ದು, ಪಾಪ ಬಂದರೆ ಅವರಿಗೇ’ ಎಂಬ ಉಪಾಯ. ಕೆಲವು ವಾರಗಳ ನಂತರ ಮೆಟ್ಟಿಲನ್ನು ಆಯ್ದುಕೊಳ್ಳುವುದು ಚಿಕಿತ್ಸೆ ಪಡೆಯುವವರ ಹೊಣೆಯೇ ಆಗಬೇಕು.

ಮನೆಯವರಿಗೆ ಕಷ್ಟವಾಗುವುದು ‘ನನಗೇನೂ ಬೇಜಾರಿಲ್ಲ ಕಣೋ’ ಎನ್ನದಿರುವುದು. ಬದಲಿಗೆ ಹೀಗೆನ್ನಿ: ‘ಇದು ಗೀಳಿನ ಪ್ರಶ್ನೆ ಅನ್ನಿಸುತ್ತೆ, ಉತ್ತರ ಕೊಡಲ್ಲ. ಬಾ, ಜೊತೆಗೆ ಕೂತಿರೋಣ.’ ಇದನ್ನು ಮಗ ಅಥವಾ ಮಗಳೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ತಿರಸ್ಕಾರದಂತೆ ಕೇಳಿಸುತ್ತದೆ. ಸಣ್ಣ ಮಾತು ಮೀರಿದರೂ ಹೊಡೆತ, ಶಾಪ, ಬೆದರಿಕೆ ನಿಜವಾಗಿಯೂ ಇರುವ ಮನೆಯಲ್ಲಿ ಈ ಮೆಟ್ಟಿಲು ಹತ್ತಿಸಕೂಡದು. ಅಲ್ಲಿನ ಭಯಕ್ಕೆ ಕಾರಣವಿದೆ, ಕೆಲಸ ಬೇರೆಯೇ ಇದೆ.

ಚಿಕಿತ್ಸಕರೊಂದಿಗೆ ಸಾಮಾನ್ಯವಾಗಿ 12ರಿಂದ 20 ಭೇಟಿಗಳು ಬೇಕಾಗುತ್ತವೆ. ಗೀಳು ತೀವ್ರವಾಗಿದ್ದರೆ ಮನೋವೈದ್ಯರು ಖಿನ್ನತೆಗೂ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ಸೇರಿಸುತ್ತಾರೆ. ಫಲ ತಿಳಿಯಲು 8ರಿಂದ 12 ವಾರ ಕಾಯಬೇಕು, ನಡುವೆ ತಾವಾಗಿಯೇ ನಿಲ್ಲಿಸಬಾರದು. ಅಮ್ಮನ ಮಾತಿನ ಅಳುಕು ಇಳಿಯುತ್ತಿದ್ದಂತೆ ಗೀಳು ಮೇಷ್ಟ್ರ ಮಾತಿಗೋ ದೇವರಿಗೆ ಹೊತ್ತ ಹರಕೆಗೋ ಜಾರುವುದುಂಟು. ಹಾಗಾದರೆ ಹೊಸ ಹಾಳೆಯಲ್ಲಿ ಹೊಸ ಮೆಟ್ಟಿಲು ಬರೆದು ಮತ್ತೆ 30ರಿಂದ ಶುರು ಮಾಡುವುದು.