ನಾಲ್ಕು ಪುಸ್ತಕಗಳನ್ನು ನಾಲ್ವರಿಗೆ ಹಂಚಬೇಡಿ

ಪ್ರೌಢಶಾಲಾ ತಂಡಗಳ ಓದಿನ ರಸಪ್ರಶ್ನೆ ಸ್ಪರ್ಧೆಗಳಿಗೆ ಪ್ರಶ್ನೆ ಸಿದ್ಧಪಡಿಸುವ ಮತ್ತು ವೇದಿಕೆಯ ಮೇಲೆ ಅವನ್ನು ಕೇಳುವ ಕೆಲಸವನ್ನು ನಾನು ಬಹುಕಾಲದಿಂದ ಮಾಡಿಕೊಂಡು ಬಂದಿದ್ದೇನೆ. ಸ್ಪರ್ಧೆಗೆ ಓದಬೇಕಾದ ಪುಸ್ತಕಗಳ ಪಟ್ಟಿ ಕೈಸೇರಿದ ದಿನವೇ ಅವನ್ನು ಮಕ್ಕಳಿಗೆ ತಲೆಗೊಂದರಂತೆ ಹಂಚಿಬಿಡುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಪ್ರತಿ ವರ್ಷವೂ ಸ್ಪರ್ಧೆಗೆ ಮುಂಚಿನ ಸಭೆಯಲ್ಲಿ ಅದನ್ನು ಬಿಡಿಸಿ ಹೇಳಿದರೂ, ಸ್ಪರ್ಧೆಯ ದಿನ ಅದೇ ರೀತಿ ತಯಾರಾದ ತಂಡಗಳು ಎದುರಿಗೆ ಕುಳಿತಿರುತ್ತವೆ. "ಸರ್, ನಾಲ್ಕು ಪುಸ್ತಕ, ನಾಲ್ಕು ಮಕ್ಕಳು. ಹತ್ತನೇ ತರಗತಿಯವರಿಗೆ ಇದಕ್ಕಿಂತ ಹೆಚ್ಚು ಹೊರೆ ಹಾಕುವುದು ಹೇಗೆ?" ಎಂದು ಶಿಕ್ಷಕರು ಕೇಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಈ ಹಂಚಿಕೆಯಿಂದ ತಂಡ ಎಂಬುದೇ ಇಲ್ಲವಾಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಸಾಮಾನ್ಯ ಜ್ಞಾನದ ರಸಪ್ರಶ್ನೆಯಲ್ಲಿ ಒಬ್ಬನಿಗೆ ಕ್ರಿಕೆಟ್, ಇನ್ನೊಬ್ಬಳಿಗೆ ಇತಿಹಾಸ ಎಂದು ಹಂಚಿಕೊಂಡರೆ ನಡೆಯುತ್ತದೆ, ಏಕೆಂದರೆ ಪ್ರಶ್ನೆ ಯಾವ ವಿಷಯದ್ದೆಂಬುದು ಕೇಳಿದೊಡನೆ ತಿಳಿಯುತ್ತದೆ. ಓದಿನ ರಸಪ್ರಶ್ನೆಯಲ್ಲಿ ಹಾಗಲ್ಲ. ಅಮೆರಿಕದ ಶಾಲೆಗಳಲ್ಲಿ 'ಬ್ಯಾಟಲ್ ಆಫ್ ದಿ ಬುಕ್ಸ್' ಎಂಬ ಹೆಸರಿನಲ್ಲಿ ನಡೆಯುವ ಸ್ಪರ್ಧೆಯಲ್ಲಿ ಪ್ರಶ್ನೆಗಳು 'ಯಾವ ಪುಸ್ತಕದಲ್ಲಿ' ಎಂದು ಆರಂಭವಾಗುವುದು ವಾಡಿಕೆ. ನಾನೂ ಅದೇ ಕ್ರಮವನ್ನು ಅನುಸರಿಸುತ್ತೇನೆ. ಪಾತ್ರಗಳ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಹೇಳದೆ ಒಂದು ಸನ್ನಿವೇಶವನ್ನಷ್ಟೇ ಮುಂದಿಡುತ್ತೇನೆ. ಅದು ಯಾವ ಪುಸ್ತಕದ್ದೆಂದು ಗುರುತಿಸುವುದೇ ಮಕ್ಕಳ ಕೆಲಸವಾದ್ದರಿಂದ, ಪ್ರಶ್ನೆ ಯಾರ ಪಾಲಿನದೆಂದು ತಂಡಕ್ಕೆ ಮೊದಲೇ ತಿಳಿಯುವುದಿಲ್ಲ.

ಇದರ ಫಲವೇನೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಒಮ್ಮೆ ಪಟ್ಟಿಯಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ', ತೇಜಸ್ವಿಯವರ 'ಕರ್ವಾಲೊ', ದೇವನೂರ ಮಹಾದೇವರ 'ಒಡಲಾಳ' ಮತ್ತು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಇದ್ದವು. ಕೊನೆಯ ಸುತ್ತಿನಲ್ಲಿ ನಾನು ಕೇಳಿದ ಪ್ರಶ್ನೆ ಹೀಗಿತ್ತು: "ಯಾವ ಪುಸ್ತಕದಲ್ಲಿ ವಿದ್ವಾಂಸನೊಬ್ಬನ ಮುಂದಾಳುತನದಲ್ಲಿ ತಂಡವೊಂದು ಕಾಡಿಗೆ ಹೋಗುತ್ತದೆ ಮತ್ತು ಹೆಚ್ಚು ಓದಿಲ್ಲದ ಹಳ್ಳಿಗನೊಬ್ಬನ ಕಣ್ಣನ್ನು ಆ ವಿದ್ವಾಂಸ ಎಲ್ಲರಿಗಿಂತ ಹೆಚ್ಚು ನೆಚ್ಚುತ್ತಾನೆ?" ಇದರ ಮೊದಲರ್ಧ ಎರಡು ಪುಸ್ತಕಗಳಿಗೆ ಹೊಂದುತ್ತದೆ. 'ಹಸುರು ಹೊನ್ನು' ವಿದ್ಯಾರ್ಥಿಗಳನ್ನು ಸಸ್ಯಗಳ ಹುಡುಕಾಟಕ್ಕೆ ಕರೆದೊಯ್ಯುವ ಪ್ರಾಧ್ಯಾಪಕರ ಅನುಭವಗಳ ಪುಸ್ತಕ. 'ಕರ್ವಾಲೊ' ಹಾರುವ ಓತಿಯನ್ನು ಅರಸಿ ಹೊರಟವರ ಕಾದಂಬರಿ. ಅದರಲ್ಲಿ ಬರುವ ಹಳ್ಳಿಗ ಮಂದಣ್ಣನನ್ನು ಬಲ್ಲವರಿಗೆ ಎರಡನೆಯ ಅರ್ಧದಲ್ಲಿ ಸಂಶಯ ಉಳಿಯುವುದಿಲ್ಲ.

ಒಂದು ತಂಡದಲ್ಲಿ 'ಹಸುರು ಹೊನ್ನು' ಓದಿದ್ದ ಹುಡುಗ "ಇದು ನಂದೇ" ಎಂದು ಮೇಜು ಬಡಿದ. 'ಕರ್ವಾಲೊ' ಓದಿದ್ದ ಹುಡುಗಿ "ಮಂದಣ್ಣ ಅಲ್ವಾ?" ಎಂದು ಮೆಲ್ಲಗೆ ಕೇಳಿದಳು. ತಂಡದ ನಾಯಕಿ ಓದಿದ್ದು 'ಒಡಲಾಳ' ಮಾತ್ರ. ಮೂವತ್ತು ಸೆಕೆಂಡುಗಳಲ್ಲಿ ಅವಳು ಏನನ್ನು ಆಧರಿಸಿ ತೀರ್ಮಾನಿಸಬೇಕು? ದನಿ ಯಾವುದು ಗಟ್ಟಿಯೋ ಅದನ್ನೇ ಒಪ್ಪಿಕೊಂಡಳು, ಅಂಕ ಹೋಯಿತು. ಅನಂತರ ಆ ಮೆಲುದನಿಯ ಹುಡುಗಿಯನ್ನು ಮಾತಾಡಿಸಿದರೆ, ಆಕೆ ಪುಸ್ತಕವನ್ನು ಎಷ್ಟು ಪ್ರೀತಿಯಿಂದ ಓದಿದ್ದಳೆಂದರೆ, ಜೇನುತುಪ್ಪ ಕೊಳ್ಳಲು ಸೊಸೈಟಿಗೆ ಹೋಗುವ ಆರಂಭದ ಪ್ರಸಂಗವನ್ನೇ ನನಗೆ ನಗುನಗುತ್ತಾ ವರ್ಣಿಸಿದಳು. ತಿಳಿದಿದ್ದೂ ಅವಳ ಮಾತು ನಿಲ್ಲಲಿಲ್ಲ, ಏಕೆಂದರೆ ಅದಕ್ಕೆ ಸಾಕ್ಷಿ ಹೇಳಬಲ್ಲ ಇನ್ನೊಬ್ಬ ಓದುಗರು ಆ ಮೇಜಿನಲ್ಲಿ ಇರಲಿಲ್ಲ.

ನಾನು ಮತ್ತೆ ಮತ್ತೆ ಹೇಳುವುದು ಇಷ್ಟೇ: ಪ್ರತಿಯೊಂದು ಪುಸ್ತಕಕ್ಕೂ ತಂಡದಲ್ಲಿ ಕನಿಷ್ಠ ಇಬ್ಬರು ಓದುಗರಿರಬೇಕು. ಒಬ್ಬರೇ ಓದಿದಾಗ ಅವರ ನೆನಪು ತಪ್ಪಿದರೆ ತಿದ್ದುವವರಿರುವುದಿಲ್ಲ, ಸರಿಯಿದ್ದರೆ ಬೆಂಬಲಿಸುವವರೂ ಇರುವುದಿಲ್ಲ. ಇಬ್ಬರು ಓದಿದ್ದರೆ ಒಬ್ಬರಿಗೆ ಸನ್ನಿವೇಶ ನೆನಪಾಗುತ್ತದೆ, ಇನ್ನೊಬ್ಬರು ಅದನ್ನು ಒಪ್ಪುತ್ತಾರೆ ಅಥವಾ ತಡೆಯುತ್ತಾರೆ. ಅಷ್ಟೇ ಮುಖ್ಯವಾಗಿ, ಎರಡು ಪುಸ್ತಕ ಓದಿದ ಮಗುವಿಗೆ ಹೋಲಿಕೆ ಸಾಧ್ಯವಾಗುತ್ತದೆ. ಒಂದೇ ಓದಿದ ಮಗುವಿಗೆ ಕಾಡು ಎಂದರೆ ತನ್ನ ಪುಸ್ತಕದ ಕಾಡು ಮಾತ್ರ.

"ಗ್ರಂಥಾಲಯದಲ್ಲಿ ಒಂದೊಂದೇ ಪ್ರತಿ ಇದೆ" ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಒಂದೊಂದೇ ಪ್ರತಿ ಸಾಕು. ಮೊದಲ ಸರದಿಯಲ್ಲಿ ನಾಲ್ವರೂ ಒಂದೊಂದು ಪುಸ್ತಕ ಓದಲಿ. ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಪುಸ್ತಕವನ್ನು ಬಲಗಡೆ ಕೂರುವವರಿಗೆ ಕೊಡಲಿ. ಎರಡನೆಯ ಸರದಿ ಮುಗಿಯುವಾಗ ಪ್ರತಿ ಮಗುವೂ ಎರಡು ಓದಿರುತ್ತದೆ, ಪ್ರತಿ ಪುಸ್ತಕವನ್ನೂ ಇಬ್ಬರು ಓದಿರುತ್ತಾರೆ. ಸಾಧ್ಯವಿದ್ದರೆ ನಾಯಕ ಅಥವಾ ನಾಯಕಿ ಮೂರನೆಯದನ್ನೂ ಓದುವುದು ಒಳ್ಳೆಯದು. ಹೀಗೆ ಮಾಡಿದ ತಂಡ ಗೆದ್ದೇ ಗೆಲ್ಲುತ್ತದೆಂದು ನಾನು ಭರವಸೆ ಕೊಡಲಾರೆ. ಎದುರಿನ ತಂಡವೂ ಹಾಗೆಯೇ ಓದಿರಬಹುದು, ಆಯೋಜಕರ ನಿಯಮಗಳೂ ಒಂದೊಂದು ಕಡೆ ಒಂದೊಂದು ರೀತಿ ಇರುತ್ತವೆ.

ಮಕ್ಕಳ ಹೊರೆ ಇಳಿಸಲೆಂದು ಸಾರಾಂಶದ ನೋಟ್ಸ್ ಬರೆಸುವ ಶಿಕ್ಷಕರಿಗೂ ಒಂದು ಮಾತು. ನೋಟ್ಸಿನಲ್ಲಿ 'ಚೋಮನ ದುಡಿ' 1933, 'ಕರ್ವಾಲೊ' 1980, 'ಹಸುರು ಹೊನ್ನು' ಕೃತಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಎಂಬಂಥವು ತಪ್ಪದೆ ಇರುತ್ತವೆ. ಅವು ಓದದವನಿಗೂ ಸಿಗುವ ವಿವರಗಳಾದ್ದರಿಂದ ನಾನು ಅವನ್ನು ಕೇಳುವುದೇ ಇಲ್ಲ. 'ಒಡಲಾಳ'ದಿಂದ ನಾನು ಆರಿಸುವುದು, ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ರಾತ್ರಿ ಕುಳಿತು ತಿನ್ನುವ ಪ್ರಸಂಗವನ್ನು. ಅದನ್ನು ಒಮ್ಮೆ ಓದಿದವರು ಮರೆಯುವುದಿಲ್ಲ. ಸಿನಿಮಾ ನೋಡಿ ಬರುವುದೂ ಅಪಾಯವೇ. 'ಚೋಮನ ದುಡಿ' 1975ರಲ್ಲಿ ಚಲನಚಿತ್ರವಾಗಿದ್ದರೂ ಪ್ರಶ್ನೆ ಬರುವುದು ಪುಸ್ತಕದಿಂದ.

ಎರಡೂ ಸರದಿ ಮುಗಿದ ಮೇಲೆ ಶನಿವಾರಗಳಲ್ಲಿ ಅರ್ಧ ಗಂಟೆ ನಾಲ್ವರನ್ನೂ ಒಟ್ಟಿಗೆ ಕೂರಿಸಿ, ಅವರವರೇ ಬರೆದ ಪ್ರಶ್ನೆಗಳನ್ನು ಪರಸ್ಪರ ಕೇಳಿಕೊಳ್ಳಲು ಬಿಡಿ. ಪ್ರಶ್ನೆಯಲ್ಲಿ ಯಾವ ಹೆಸರೂ ಇರಬಾರದು. ಉತ್ತರ ಹೇಳುವಾಗ ಪುಸ್ತಕದೊಂದಿಗೆ ಬರೆದವರ ಹೆಸರನ್ನೂ ಸೇರಿಸಿ ಹೇಳುವ ರೂಢಿ ಆಗಲೇ ಆಗಲಿ, ಏಕೆಂದರೆ ನಾನು ನಡೆಸುವ ಸ್ಪರ್ಧೆಗಳಲ್ಲಿ ಪೂರ್ಣ ಅಂಕ ಸಿಗುವುದು ಎರಡನ್ನೂ ಹೇಳಿದವರಿಗೆ ಮಾತ್ರ.