ಕರಪ್ಟ್: ಮುರಿದದ್ದಕ್ಕೆ ಹೇಳುವ ಪದ, ಓಡದ್ದಕ್ಕಲ್ಲ

ಒಂದು ಎಕ್ಸೆಲ್ ಫೈಲಿನ ಮ್ಯಾಕ್ರೊ (ಫೈಲಿನೊಳಗೇ ಬರೆದಿಟ್ಟ ಚಿಕ್ಕ ಪ್ರೋಗ್ರಾಂ) ಕೆಲವರ ಕಂಪ್ಯೂಟರಿನಲ್ಲಿ ಸರಾಗವಾಗಿ ಓಡಿ, ಇನ್ನು ಕೆಲವರ ಕಂಪ್ಯೂಟರಿನಲ್ಲಿ ಎರರ್ ತೋರಿಸಿ ನಿಂತರೆ, ಎರಡನೆಯವರಿಂದ ಬರುವ ಮೊದಲ ಮಾತು ಬಹುಮಟ್ಟಿಗೆ ಒಂದೇ: "ಫೈಲು ಕರಪ್ಟ್ ಆಗಿದೆ, ಇನ್ನೊಮ್ಮೆ ಕಳಿಸಿ." ಕಳಿಸಿದವರು ಅದೇ ಫೈಲನ್ನು ಮತ್ತೆ ಕಳಿಸುತ್ತಾರೆ. ಅದೇ ಜನರಿಗೆ, ಅದೇ ಸಾಲಿನಲ್ಲಿ, ಅದೇ ಎರರ್ ಬರುತ್ತದೆ. ಈ ಮಾತನ್ನು ಮತ್ತೆ ಮತ್ತೆ ಕಂಡಮೇಲೆ ಪದದ ಅರ್ಥವನ್ನೇ ಒಮ್ಮೆ ಬಿಡಿಸಿ ಇಡುವುದು ಅಗತ್ಯವೆನಿಸುತ್ತದೆ, ಏಕೆಂದರೆ ಇಲ್ಲಿ ಪದ ತಪ್ಪಿದ ಕೂಡಲೇ ಹುಡುಕಾಟದ ದಿಕ್ಕೂ ತಪ್ಪುತ್ತದೆ.

ಫೈಲಿನ ವಿಷಯದಲ್ಲಿ ಕರಪ್ಟ್ ಎಂಬುದಕ್ಕೆ ಖಚಿತವಾದ ಅರ್ಥವಿದೆ: ಸೇವ್ ಮಾಡುವಾಗ ಬರೆದ ಬೈಟುಗಳು ಈಗ ಬರೆದಂತೆ ಉಳಿದಿಲ್ಲ. ಡಿಸ್ಕಿನ ದೋಷದಿಂದಲೋ, ಅರ್ಧಕ್ಕೆ ನಿಂತ ಡೌನ್‌ಲೋಡಿನಿಂದಲೋ, ಸೇವ್ ಆಗುತ್ತಿರುವಾಗಲೇ ಪೆನ್‌ಡ್ರೈವ್ ಕಿತ್ತದ್ದರಿಂದಲೋ ಕೆಲವು ಬೈಟುಗಳು ಬದಲಾಗಿವೆ ಅಥವಾ ಇಲ್ಲವಾಗಿವೆ. ಇದು ಫೈಲಿನ ಗುಣವೇ ಹೊರತು ಅದನ್ನು ತೆರೆಯುವವರ ಗುಣವಲ್ಲ. ಆದ್ದರಿಂದ, ಮುಂದೆ ಹೇಳುವ ಒಂದು ಅಪರೂಪದ ಸಂದರ್ಭ ಬಿಟ್ಟರೆ, ಒಂದೇ ಪ್ರತಿ ಒಬ್ಬರಿಗೆ ಕರಪ್ಟ್, ಇನ್ನೊಬ್ಬರಿಗೆ ಸರಿ ಎಂದಾಗಲು ಸಾಧ್ಯವಿಲ್ಲ. ದಾರಿಯಲ್ಲಿ ಒಂದು ಪ್ರತಿ ಕೆಟ್ಟಿರಬಹುದಲ್ಲವೇ ಎಂದು ಕೇಳಿದರೆ, ಕೆಟ್ಟಿರಬಹುದು. ಆದರೆ ಅದನ್ನು ಊಹಿಸಬೇಕಾಗಿಲ್ಲ. ಎರಡೂ ಕಂಪ್ಯೂಟರುಗಳಲ್ಲಿ, ಫೈಲನ್ನು ಒಮ್ಮೆಯೂ ತೆರೆದು ಸೇವ್ ಮಾಡುವ ಮೊದಲು, ವಿಂಡೋಸಿನ ಸರ್ಟ್‌ಯುಟಿಲ್ ಎಂಬ ಆಜ್ಞೆಯಿಂದ ಅದರ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಬೈಟುಗಳಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಖ್ಯೆ, ತೆಗೆದು ತಾಳೆ ನೋಡಬೇಕು. ಎರಡೂ ಒಂದೇ ಆಗಿದ್ದರೆ ಬೈಟುಗಳು ಒಂದೇ, ಮತ್ತು ಕರಪ್ಟ್ ಎಂಬ ಪದಕ್ಕೆ ಆ ಚರ್ಚೆಯಲ್ಲಿ ಇನ್ನು ಬಹುಮಟ್ಟಿಗೆ ಜಾಗವಿಲ್ಲ. ಇದಲ್ಲದೆ, ಆಫೀಸ್ 2007ರಿಂದ ಬಳಕೆಗೆ ಬಂದ ಎಕ್ಸ್‌ಎಲ್‌ಎಸ್‌ಎಮ್ ಫೈಲು ಒಳಗೆ ಒಂದು ಜಿಪ್ ಕಟ್ಟೇ ಆಗಿದ್ದು, ಆ ಕಟ್ಟಿನ ಪ್ರತಿಯೊಂದು ಒಳಫೈಲಿಗೂ ತಾಳೆ ನೋಡಲು ಸಿಆರ್‌ಸಿ-32 ಎಂಬ ಸಂಖ್ಯೆ ದಾಖಲಾಗಿರುತ್ತದೆ. ಬೈಟುಗಳು ಕೆಟ್ಟ ಫೈಲು ಸಾಮಾನ್ಯವಾಗಿ ತೆರೆಯುವ ಹಂತದಲ್ಲೇ ತಕರಾರು ಮಾಡುತ್ತದೆ. ಸುಮ್ಮನೆ ತೆರೆದುಕೊಂಡು, ಬಟನ್ ಒತ್ತುವವರೆಗೆ ಕಾದು, ನಲವತ್ತನೆಯ ಸಾಲಿನಲ್ಲಿ ನಿಲ್ಲುವುದು ಅದರ ಲಕ್ಷಣವಲ್ಲ.

ಪದದ ಮೂಲವೂ ಇದನ್ನೇ ಹೇಳುತ್ತದೆ. ಲ್ಯಾಟಿನ್ನಿನ ರುಂಪೆರೆ ಎಂದರೆ ಮುರಿಯುವುದು. ಅದಕ್ಕೆ ತೀವ್ರತೆಯ ಉಪಸರ್ಗ ಸೇರಿ ಕೊರ್ರುಂಪೆರೆ, ಅಂದರೆ ಪೂರ್ತಿ ಮುರಿದು ಹಾಳುಗೆಡಹುವುದು ಎಂದಾಯಿತು. ನಡುವೆ ಮುರಿಯುವ ಇಂಟರಪ್ಟ್, ಥಟ್ಟನೆ ಕಡಿದುಹೋಗುವ ಅಬ್ರಪ್ಟ್, ಒಡೆತವೆಂಬ ಅರ್ಥದ ರಪ್ಚರ್, ಇವೆಲ್ಲ ಅದೇ ಬೇರಿನವು. ಕಂಪ್ಯೂಟರಿಗಿಂತ ಎಷ್ಟೋ ಮೊದಲೇ ಈ ಪದ ಬರಹಕ್ಕೆ ಅಂಟಿಕೊಂಡಿತ್ತು: ನಕಲುಗಾರರ ಕೈಯಲ್ಲಿ ಅಕ್ಷರಗಳು ಬದಲಾಗಿ ಮೂಲದ ಓದು ಕೆಟ್ಟ ಹಸ್ತಪ್ರತಿಯ ಭಾಗವನ್ನು ಯುರೋಪಿನ ಸಂಪಾದಕರು ಕರಪ್ಟ್ ಎಂದೇ ಕರೆದರು. ಫೈಲಿಗೆ ನಾವು ಹೇಳುವ ಅರ್ಥ ಇದರ ನೇರ ಮುಂದುವರಿಕೆ. ಕನ್ನಡದ ಗ್ರಂಥಸಂಪಾದನೆಯಲ್ಲಿ ಈ ವಿಚಾರಕ್ಕೆ ಇನ್ನೂ ಬಿಗಿಯಾದ ಪದಗಳಿವೆ. ಓಲೆಯ ಅಂಚು ಮುರಿದು ಅಕ್ಷರಗಳೇ ಹೋಗಿದ್ದರೆ ಅದು ತ್ರುಟಿತ. ಅಕ್ಷರಗಳು ಇದ್ದೂ ತಪ್ಪಾಗಿದ್ದರೆ ಅಪಪಾಠ. ಎರಡು ಪ್ರತಿಗಳಲ್ಲಿ ಬೇರೆಬೇರೆ ಓದು ಸಿಕ್ಕರೆ ಪಾಠಾಂತರ. ಓಲೆ ಸರಿಯಾಗಿದ್ದು ಓದುವವರಿಗೆ ಆ ಲಿಪಿ ಬಾರದಿದ್ದರೆ ಅದಕ್ಕೆ ಈ ಮೂರರಲ್ಲಿ ಯಾವುದನ್ನೂ ಯಾರೂ ಹೇಳುವುದಿಲ್ಲ. ಕೆಲವರಿಗೆ ಮಾತ್ರ ಓಡದ ಮ್ಯಾಕ್ರೊದ ಸ್ಥಿತಿ ಬಹುತೇಕ ಈ ಕೊನೆಯದು.

ನಮ್ಮಲ್ಲಿ ಇನ್ನೊಂದು ತೊಡಕೂ ಸೇರಿಕೊಂಡಿದೆ. ಕರಪ್ಟ್ ಎಂಬ ಎರವಲು ಪದ ಕನ್ನಡಕ್ಕೆ ಲಂಚದ ಅರ್ಥವನ್ನು ಹೊತ್ತುಕೊಂಡೇ ಬಂತು, ಮತ್ತು ಆ ಅರ್ಥಕ್ಕೆ ನಾವು ಭ್ರಷ್ಟ ಎಂಬ ಪದವನ್ನು ಜೋಡಿಸಿಕೊಂಡೆವು. ಆದರೆ ಭ್ರಷ್ಟದ ಧಾತುವಿನಲ್ಲಿ ಮುರಿಯುವ ಅರ್ಥವಿಲ್ಲ. ಭ್ರಂಶ ಎಂದರೆ ಇದ್ದ ಕಡೆಯಿಂದ ಜಾರಿ ಬೀಳುವುದು. ಪದವಿಯಿಂದ ಬಿದ್ದವರು ಸ್ಥಾನಭ್ರಷ್ಟರು, ಶುದ್ಧರೂಪದಿಂದ ಜಾರಿದ ಮಾತು ಅಪಭ್ರಂಶ. ಹೀಗೆ ಮುರಿಯುವುದು ಮತ್ತು ಜಾರುವುದು ಎಂಬ ಎರಡು ಬೇರೆ ಚಿತ್ರಗಳು ಒಂದೇ ಪದದಡಿ ಬೆರೆತಿರುವುದರಿಂದ, "ಫೈಲು ಕರಪ್ಟ್" ಎನ್ನುವಾಗ ಫೈಲಿನಲ್ಲೋ ಅದನ್ನು ಮಾಡಿದವರಲ್ಲೋ ಏನೋ ದೋಷವಿದೆ ಎಂಬ ಆರೋಪದ ಛಾಯೆ ತಾನಾಗಿ ಬರುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಅಂಥ ಮ್ಯಾಕ್ರೊ ಮುರಿದಿಲ್ಲ. ತಾನು ಹುಟ್ಟಿದ ಕಂಪ್ಯೂಟರಿನಲ್ಲಿ ಇದ್ದ ಯಾವುದೋ ಒಂದು ಆಧಾರ ಇಲ್ಲದ ಜಾಗಕ್ಕೆ ಬಂದಿದೆ.

ಆ ಆಧಾರಗಳಲ್ಲಿ ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ರೆಫರೆನ್ಸ್. ವಿಬಿಎ ಪ್ರಾಜೆಕ್ಟೊಂದು, ಅಂದರೆ ಆಫೀಸಿನ ಮ್ಯಾಕ್ರೊ ಭಾಷೆಯಲ್ಲಿ ಬರೆದ ಒಂದು ಫೈಲಿನ ಕೋಡು, ಔಟ್‌ಲುಕ್ ಅಥವಾ ವರ್ಡ್‌ನಂಥ ಬೇರೆ ತಂತ್ರಾಂಶದ ಲೈಬ್ರರಿಯನ್ನು (ಸಿದ್ಧ ಕೋಡಿನ ಸಂಗ್ರಹವನ್ನು) ಬಳಸಿದರೆ, ಆ ಲೈಬ್ರರಿಯ ಗುರುತು ಮತ್ತು ಆವೃತ್ತಿ ಫೈಲಿನಲ್ಲೇ ದಾಖಲಾಗುತ್ತದೆ. ಔಟ್‌ಲುಕ್ 2013 ಇರುವವರು ಮಾಡಿದ ಫೈಲಿನಲ್ಲಿ 15.0 ಎಂದು ಇರುತ್ತದೆ. ಅದನ್ನು 2016 ಅಥವಾ ಅದಕ್ಕಿಂತ ಹೊಸದು ಇರುವವರು ತೆರೆದಾಗ ಎಕ್ಸೆಲ್ ತಾನಾಗಿಯೇ 16.0ಕ್ಕೆ ಏರಿಸಿಕೊಳ್ಳುತ್ತದೆ, ಮತ್ತು ಅವರು ಸೇವ್ ಮಾಡಿದರೆ ಆ ಬದಲಾವಣೆ ಫೈಲಿನಲ್ಲಿ ನಿಲ್ಲುತ್ತದೆ. ಏರಿದ್ದು ತಾನಾಗಿ ಇಳಿಯುವುದಿಲ್ಲ. ಹಳೆಯ ಆವೃತ್ತಿಯವರು ಮರುದಿನ ಅದೇ ಫೈಲನ್ನು ತೆರೆದರೆ, ವಿಬಿಎ ಎಡಿಟರಿನ ಟೂಲ್ಸ್ ಮೆನುವಿನ ರೆಫರೆನ್ಸಸ್ ಪಟ್ಟಿಯಲ್ಲಿ ಆ ಲೈಬ್ರರಿಯ ಹೆಸರಿಗೆ ಮೊದಲು ಮಿಸ್ಸಿಂಗ್ ಎಂದು ಕಾಣುತ್ತದೆ. ನಿನ್ನೆಯವರೆಗೆ ಓಡುತ್ತಿದ್ದದ್ದು ಇಂದು ಓಡದಿರುವುದರಿಂದ "ಯಾರೋ ಫೈಲನ್ನು ಹಾಳುಮಾಡಿದ್ದಾರೆ" ಎಂಬ ಮಾತು ಹುಟ್ಟುವುದು ಇಲ್ಲೇ.

ಇದರ ಅತ್ಯಂತ ಕೆಟ್ಟ ಗುಣವೆಂದರೆ ಎರರ್ ತೋರುವ ಜಾಗ. ಕಾಣೆಯಾದದ್ದು ಔಟ್‌ಲುಕ್ ಲೈಬ್ರರಿಯಾದರೂ, ಪ್ರಾಜೆಕ್ಟ್ ಅಥವಾ ಲೈಬ್ರರಿ ಸಿಗುತ್ತಿಲ್ಲ ಎಂಬ ಸಂದೇಶದೊಂದಿಗೆ ಎಡಿಟರ್ ಹಳದಿ ಅಥವಾ ನೀಲಿ ಗುರುತು ಹಾಕುವುದು ಹಲವು ಸಲ ಲೆಫ್ಟ್, ಟ್ರಿಮ್, ಫಾರ್ಮ್ಯಾಟ್, ಡೇಟ್‌ನಂಥ ಮೂಲಭೂತ ಫಂಕ್ಷನ್ನಿನ ಮೇಲೆ. ಲೆಫ್ಟ್ ಫಂಕ್ಷನ್ನೇ ಕೆಲಸ ಮಾಡುತ್ತಿಲ್ಲವೆಂದ ಮೇಲೆ ಎಕ್ಸೆಲ್ಲೇ ಕರಪ್ಟ್ ಎಂದು ಆಫೀಸ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿಸುವವರಿದ್ದಾರೆ. ಅಷ್ಟು ಶ್ರಮಕ್ಕೆ ಯಾವ ಫಲವೂ ಇಲ್ಲ, ಏಕೆಂದರೆ ಅದೇ ಹಳೆಯ ಆವೃತ್ತಿಯೇ ಮತ್ತೆ ಬಂದು ಕೂರುತ್ತದೆ. ಲೆಫ್ಟ್ ಎಂಬುದಕ್ಕೆ ಮೊದಲು ವಿಬಿಎ ಎಂದು ಬರೆದು ಚುಕ್ಕಿ ಇಟ್ಟು ಎರರನ್ನು ಮುಂದಿನ ಸಾಲಿಗೆ ತಳ್ಳುವುದೂ ಪರಿಹಾರವಲ್ಲ. ಮಿಸ್ಸಿಂಗ್ ಎಂದಿರುವ ಸಾಲಿನ ಗುರುತನ್ನು ತೆಗೆದು, ಕ್ರಿಯೇಟ್‌ಆಬ್ಜೆಕ್ಟ್ ಬಳಸಿ, ಓಡುವ ಹೊತ್ತಿಗೆ ಯಾವ ಆವೃತ್ತಿ ಇದೆಯೋ ಅದನ್ನೇ ಹಿಡಿಯುವಂತೆ ಕೋಡನ್ನು ಬದಲಿಸಬೇಕು. ಲೇಟ್ ಬೈಂಡಿಂಗ್ ಎನ್ನುವುದು ಇದನ್ನೇ. ಹಾಗೆ ಬದಲಿಸುವಾಗ ಆ ಲೈಬ್ರರಿಯ ಸ್ಥಿರಾಂಕಗಳ ಹೆಸರುಗಳೂ ಅರ್ಥ ಕಳೆದುಕೊಳ್ಳುವುದರಿಂದ, ಹೆಸರಿನ ಜಾಗದಲ್ಲಿ ಅವುಗಳ ಸಂಖ್ಯೆಯನ್ನೇ ಬರೆಯಬೇಕು. ಇದನ್ನು ಮರೆತವರು, ಘೋಷಿಸದ ಹೆಸರುಗಳನ್ನು ತಡೆಯುವ ಆಪ್ಷನ್ ಎಕ್ಸ್‌ಪ್ಲಿಸಿಟ್ ಇಲ್ಲದಿದ್ದರೆ ಎರರೂ ಇಲ್ಲದೆ ತಪ್ಪು ಫಲಿತಾಂಶ ಪಡೆಯುತ್ತಾರೆ. ಹಲವು ಜನರಿಗೆ ಹಂಚುವ ಫೈಲಿನಲ್ಲಿ ಅರ್ಲಿ ಬೈಂಡಿಂಗ್, ಅಂದರೆ ರೆಫರೆನ್ಸಿನಿಂದ ಮೊದಲೇ ಕಟ್ಟಿಡುವ ಕ್ರಮವನ್ನು, ಉಳಿಸಿಕೊಳ್ಳಲು ನನಗೆ ಒಂದೂ ಒಳ್ಳೆಯ ಕಾರಣ ಕಾಣುವುದಿಲ್ಲ. ಆದರೆ ಹೊಸ ಔಟ್‌ಲುಕ್ ಎಂಬ ಹೆಸರಿನಲ್ಲಿ ವಿಂಡೋಸಿಗೆ ಬಂದಿರುವ ತಂತ್ರಾಂಶವು ಹೊರಗಿನ ಮ್ಯಾಕ್ರೊಗಳು ಬಳಸುವ ಕಾಮ್ ವ್ಯವಸ್ಥೆಯನ್ನೇ ಬೆಂಬಲಿಸುವುದಿಲ್ಲ. ಹಳೆಯ ಔಟ್‌ಲುಕ್ ಇಲ್ಲದೆ ಅದೊಂದೇ ಇರುವವರಿಗೆ ಎರಡು ಬಗೆಯ ಬೈಂಡಿಂಗಿನಿಂದಲೂ ಕೆಲಸವಾಗದು.

ಎರಡನೆಯ ಕಾರಣ 2022ರ ಜುಲೈಯಿಂದ ಹೆಚ್ಚಾಗಿದೆ. ಅಂತರ್ಜಾಲದಿಂದ ಅಥವಾ ಇಮೇಲಿನಿಂದ ಬಂದ ಫೈಲಿಗೆ ವಿಂಡೋಸ್ ಒಂದು ಗುರುತು ಹಚ್ಚುತ್ತದೆ. ಅದು ಇರುವುದು ಫೈಲಿನ ಒಳಗಲ್ಲ, ಎನ್‌ಟಿಎಫ್‌ಎಸ್ ಡಿಸ್ಕು ಫೈಲಿನ ಪಕ್ಕದಲ್ಲಿ ಇಟ್ಟುಕೊಳ್ಳುವ ಜೋನ್ ಐಡೆಂಟಿಫೈಯರ್ ಎಂಬ ಪ್ರತ್ಯೇಕ ಟಿಪ್ಪಣಿಯಲ್ಲಿ. ಹಿಂದೆ ಅಂಥ ಫೈಲಿಗೆ ಹಳದಿ ಪಟ್ಟಿ ಬಂದು ಎನೇಬಲ್ ಕಂಟೆಂಟ್ ಬಟನ್ ಸಿಗುತ್ತಿತ್ತು. ಈಗಿನ ಆವೃತ್ತಿಗಳಲ್ಲಿ ಕೆಂಪು ಪಟ್ಟಿ ಬರುತ್ತದೆ, ಬಟನ್ ಇರುವುದಿಲ್ಲ. ಪೆನ್‌ಡ್ರೈವಿನಲ್ಲಿ ಪಡೆದವರಿಗೆ ಓಡುವ ಫೈಲು ಇಮೇಲಿನಲ್ಲಿ ಪಡೆದವರಿಗೆ ಓಡದಿರುವುದು ಇದರಿಂದಲೇ, ಏಕೆಂದರೆ ಎಫ್‌ಎಟಿ32 ಮಾದರಿಯ ಪೆನ್‌ಡ್ರೈವಿಗೆ ಆ ಟಿಪ್ಪಣಿಯನ್ನು ಹೊತ್ತುಕೊಳ್ಳಲು ಬರುವುದಿಲ್ಲ. ಎರಡೂ ಪ್ರತಿಗಳ ಹ್ಯಾಶ್ ತೆಗೆದರೆ ಒಂದೇ ಬರುತ್ತದೆ. ಕಳಿಸಿದವರು ಯಾರೆಂದು ಖಚಿತವಾಗಿದ್ದರೆ ಮಾತ್ರ ಪ್ರಾಪರ್ಟೀಸಿಗೆ ಹೋಗಿ ಅನ್‌ಬ್ಲಾಕ್ ಮಾಡಬೇಕು. 1999ರ ಮೆಲಿಸಾ ವೈರಸ್ಸು ಹರಡಿದ್ದು ಇಮೇಲಿಗೆ ಲಗತ್ತಿಸಿದ ಒಂದು ವರ್ಡ್ ಮ್ಯಾಕ್ರೊದ ಮೂಲಕ. ಈ ತಡೆ ಕಾರಣವಿಲ್ಲದೆ ಬಂದದ್ದಲ್ಲ.

ಮೂವತ್ತೆರಡು ಬಿಟ್, ಅರವತ್ತನಾಲ್ಕು ಬಿಟ್ ಎಂಬ ವ್ಯತ್ಯಾಸ ಬಹಳ ಜನರಿಗೆ ಗೊತ್ತು, ಆದರೆ ಕೇಳಿದಾಗ ವಿಂಡೋಸಿನ ಬಿಟ್ ಹೇಳುತ್ತಾರೆ. ಬೇಕಾದದ್ದು ಆಫೀಸಿನದು. 64 ಬಿಟ್ ವಿಂಡೋಸಿನ ಮೇಲೆ 32 ಬಿಟ್ ಆಫೀಸ್ ಇರುವುದು ತೀರ ಸಾಮಾನ್ಯ; ಆಫೀಸ್ 2019ರಿಂದ ಮಾತ್ರ 64 ಬಿಟ್ ಡಿಫಾಲ್ಟ್ ಆಯಿತು. ವಿಂಡೋಸಿನ ಒಳ ಫಂಕ್ಷನ್ನುಗಳನ್ನು ಕರೆಯುವ ಡಿಕ್ಲೇರ್ ಸಾಲಿನಲ್ಲಿ ಪಿಟಿಆರ್‌ಸೇಫ್ ಎಂಬ ಪದ ಇಲ್ಲದಿದ್ದರೆ 64 ಬಿಟ್ ಆಫೀಸ್ ಆ ಕೋಡನ್ನು ಕಂಪೈಲ್ ಮಾಡಲು (ಓಡುವ ರೂಪಕ್ಕೆ ತರಲು) ನಿರಾಕರಿಸುತ್ತದೆ, ಮತ್ತು ಕಾರಣವನ್ನು ಸ್ಪಷ್ಟವಾಗಿ ತಿಳಿಸುತ್ತದೆ. ಆ ಸಂದೇಶವನ್ನು ಓದದೆ ಓಕೆ ಒತ್ತಿ ಕರಪ್ಟ್ ಎಂದು ವರದಿ ಮಾಡುವುದನ್ನು ಒಪ್ಪಿಕೊಳ್ಳುವುದು ಕಷ್ಟ.

ದಿನಾಂಕದ ತೊಂದರೆ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅಲ್ಲಿ ಎರರೇ ಬರುವುದಿಲ್ಲ. 03/04/2024 ಎಂಬ ಪಠ್ಯವನ್ನು, ಪಠ್ಯವನ್ನು ದಿನಾಂಕವಾಗಿಸುವ ಸಿಡೇಟ್ ಫಂಕ್ಷನ್ನಿಗೆ ಕೊಟ್ಟರೆ, ದಿನ ಮೊದಲಿರುವ ಸೆಟ್ಟಿಂಗಿನಲ್ಲಿ ಅದು ಏಪ್ರಿಲ್ 3, ತಿಂಗಳು ಮೊದಲಿರುವ ಸೆಟ್ಟಿಂಗಿನಲ್ಲಿ ಮಾರ್ಚ್ 4. ಆದರೆ 13/04/2024 ಎಂದು ಕೊಟ್ಟರೆ ಎರಡೂ ಕಡೆ ಏಪ್ರಿಲ್ 13 ಎಂದೇ ಬರುತ್ತದೆ, ಏಕೆಂದರೆ ಹದಿಮೂರನೆಯ ತಿಂಗಳಿಲ್ಲದ ಕಾರಣ ವಿಬಿಎ ಸದ್ದಿಲ್ಲದೆ ಕ್ರಮವನ್ನು ಬದಲಿಸಿಕೊಳ್ಳುತ್ತದೆ. ಪರಿಣಾಮವಾಗಿ ತಿಂಗಳ ಮೊದಲ ಹನ್ನೆರಡು ದಿನಗಳ ಲೆಕ್ಕ ಮಾತ್ರ ತಪ್ಪಿ, ಉಳಿದದ್ದು ಸರಿಯಾಗಿರುತ್ತದೆ. ಇಂಥ ಶೀಟನ್ನು ಕಂಡು "ಡೇಟಾ ಕರಪ್ಟ್" ಎನ್ನುವವರ ಗೊಂದಲ ಅರ್ಥವಾಗುವಂಥದ್ದೇ. ಆದರೂ ಪದ ಅದಲ್ಲ; ಪಠ್ಯವನ್ನು ತುಂಡರಿಸಿ ಡೇಟ್‌ಸೀರಿಯಲ್ ಫಂಕ್ಷನ್ನಿಗೆ ವರ್ಷ, ತಿಂಗಳು, ದಿನ ಎಂದು ಬಿಡಿಬಿಡಿಯಾಗಿ ಕೊಟ್ಟರೆ ಯಾವ ಸೆಟ್ಟಿಂಗಿನಲ್ಲೂ ಅದು ಕದಲುವುದಿಲ್ಲ.

ನಿಜವಾದ ಕರಪ್ಷನ್ ಇಲ್ಲವೆಂದಲ್ಲ. ವಿಬಿಎ ಪ್ರಾಜೆಕ್ಟು ಎಕ್ಸ್‌ಎಲ್‌ಎಸ್‌ಎಮ್ ಕಟ್ಟಿನೊಳಗೆ ಒಂದೇ ಬೈನರಿ ಫೈಲಾಗಿ ಇರುತ್ತದೆ. ಅದರಲ್ಲಿ ನಾವು ಬರೆದ ಕೋಡಿನ ಜೊತೆಗೆ ಅದರಿಂದ ತಯಾರಾದ ಪಿ-ಕೋಡ್ ಎಂಬ ರೂಪವೂ ಸೇರಿರುತ್ತದೆ. ಆಫೀಸಿನ ಆವೃತ್ತಿ ಹೊಂದಿದರೆ ಓಡುವುದು ಆ ಪಿ-ಕೋಡ್, ಹೊಂದದಿದ್ದರೆ ಮೂಲ ಕೋಡಿನಿಂದ ಅದನ್ನು ಮತ್ತೆ ತಯಾರಿಸಲಾಗುತ್ತದೆ. ವರ್ಷಗಟ್ಟಲೆ ತಿದ್ದಿದ ಫೈಲಿನಲ್ಲಿ ಪಿ-ಕೋಡ್ ಕೆಟ್ಟು ಮೂಲ ಕೋಡ್ ಚೆನ್ನಾಗಿಯೇ ಉಳಿದಿದ್ದರೆ, ಹೊಸ ಆವೃತ್ತಿಯವರಿಗೆ ಓಡುವ ಮ್ಯಾಕ್ರೊ ಹಳೆಯವರಿಗೆ ಓಡದಿರಬಹುದು. ಒಂದೇ ಪ್ರತಿ ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ಇಲ್ಲ ಎಂಬುದಕ್ಕೆ ಕರಪ್ಟ್ ಪದ ಸಲ್ಲುವ ಸಂದರ್ಭ ಇದೊಂದೇ, ಮತ್ತು ಅದು ಅಪರೂಪ. ಇಲ್ಲೂ ಕೆಟ್ಟ ಬೈಟುಗಳು ಎರಡೂ ಕಡೆ ಇವೆ, ಒಬ್ಬರು ಅವನ್ನು ಓದುತ್ತಿಲ್ಲ ಅಷ್ಟೆ. ಎಲ್ಲ ಮಾಡ್ಯೂಲುಗಳನ್ನು (ಕೋಡಿನ ಭಾಗಗಳನ್ನು) ಎಕ್ಸ್‌ಪೋರ್ಟ್ ಮಾಡಿ, ತೆಗೆದುಹಾಕಿ, ಮತ್ತೆ ಇಂಪೋರ್ಟ್ ಮಾಡಿ ಕಂಪೈಲ್ ಮಾಡಿದರೆ ಪಿ-ಕೋಡ್ ಹೊಸದಾಗಿ ತಯಾರಾಗುತ್ತದೆ.

ಇದರೊಂದಿಗೆ ಬೆರೆಸಬಾರದ ಇನ್ನೊಂದು ಪ್ರಸಂಗವಿದೆ. 2014ರ ಡಿಸೆಂಬರಿನಲ್ಲಿ ಬಂದ ಆಫೀಸಿನ ಭದ್ರತಾ ಅಪ್‌ಡೇಟಿನ ನಂತರ, ಶೀಟಿನ ಮೇಲೆ ಇಟ್ಟ ಆಕ್ಟಿವ್‌ಎಕ್ಸ್ ಬಟನ್ನುಗಳು ಅನೇಕರಲ್ಲಿ ಸತ್ತಂತೆ ಆದವು, ಅಪ್‌ಡೇಟ್ ಆಗದವರಲ್ಲಿ ಎಂದಿನಂತೆ ಕೆಲಸ ಮಾಡಿದವು. ಆಗ ಬೇಕಾಗಿದ್ದದ್ದು ಆಯಾ ಕಂಪ್ಯೂಟರಿನ ತಾತ್ಕಾಲಿಕ ಫೋಲ್ಡರಿನಲ್ಲಿದ್ದ ಇಎಕ್ಸ್‌ಡಿ ಎಂಬ ವಿಸ್ತರಣೆಯ ಹಳೆಯ ಫೈಲುಗಳನ್ನು ಅಳಿಸುವುದು ಮಾತ್ರ. ಎಕ್ಸೆಲ್ ಫೈಲಿನಲ್ಲಿ ಯಾವ ದೋಷವೂ ಇರಲಿಲ್ಲ.

ಹಾಗಾದರೆ ಮ್ಯಾಕ್ರೊ ಓಡದಿದ್ದಾಗ ಏನೆಂದು ಹೇಳಬೇಕು? "ನನ್ನಲ್ಲಿ ಓಡುತ್ತಿಲ್ಲ" ಎಂಬ ಸರಳ ವಾಕ್ಯ ಸಾಕು, ಏಕೆಂದರೆ ಅದು ತಿಳಿದಷ್ಟನ್ನೇ ಹೇಳುತ್ತದೆ. ಅದರ ಜೊತೆಗೆ ಎರರ್ ಸಂಖ್ಯೆ, ಸಂದೇಶದ ಪೂರ್ಣ ಪಾಠ, ಡೀಬಗ್ ಒತ್ತಿದಾಗ ಗುರುತಾದ ಸಾಲು, ಫೈಲು ಯಾವ ದಾರಿಯಿಂದ ಬಂತು ಎಂಬ ವಿವರ ಇರಬೇಕು. ಆವೃತ್ತಿಯನ್ನು ಕೊಡುವಾಗ ಅಪ್ಲಿಕೇಶನ್ ವರ್ಷನ್ ಎಂಬ ಪ್ರಾಪರ್ಟಿಯ ಉತ್ತರವನ್ನು ಕೊಟ್ಟರೆ ಪ್ರಯೋಜನವಿಲ್ಲ: 2016, 2019, 2021, 365 ಎಲ್ಲಕ್ಕೂ ಅದು 16.0 ಎಂದೇ ಹೇಳುತ್ತದೆ. ಫೈಲ್ ಮೆನುವಿನ ಅಕೌಂಟ್ ಪುಟಕ್ಕೆ ಹೋಗಿ, ಅಬೌಟ್ ಎಕ್ಸೆಲ್ ಒತ್ತಿ, ಮೇಲೆ ಕಾಣುವ ಬಿಲ್ಡ್ ಸಂಖ್ಯೆ ಮತ್ತು ಬಿಟ್ ಇರುವ ಇಡೀ ಸಾಲನ್ನು ನಕಲಿಸಿ ಕಳಿಸಬೇಕು.